ಮಠದ ಊಟಕ್ಕೆ ಬಿಲ್ಲು ಬರೆಯದ ವೀರಬಸಪ್ಪ

ಯಶವಂತಪುರದಲ್ಲಿ ರೈಲು ಹಳಿಯ ಆಚೆ, ಈಗ ಸಿಮೆಂಟಿನ ಗೋದಾಮಾಗಿರುವ ಜಾಗದಲ್ಲಿ ಮೊದಲೊಂದು ಕಾರ್ಖಾನೆಯಿತ್ತು. ನೂಲಿನ ಗಿರಣಿಗಳಿಗೆ ಬೇಕಾದ ಸ್ಪಿಂಡಲ್, ಅಂದರೆ ನೂಲು ಸುತ್ತುವ ಕದಿರು, ಅಲ್ಲಿ ತಯಾರಾಗುತ್ತಿತ್ತು. ಎಲ್ಲರ ಬಾಯಲ್ಲೂ ಅದು ಸ್ಪಿಂಡಲ್ ಕಂಪನಿ. ಮಾಲೀಕರ ಹೆಸರು ಬರೆದು ಅವರಿಗೆ ಪುಕ್ಕಟೆ ಪ್ರಚಾರ ಕೊಡುವ ಇರಾದೆ ನನಗಿಲ್ಲ.

ಕದಿರು ಮಾಡಿ ಲಾರಿಗೆ ಹೇರಿದರೆ ಕೆಲಸ ಮುಗಿಯುತ್ತಿರಲಿಲ್ಲ. ದಾವಣಗೆರೆ, ಹುಬ್ಬಳ್ಳಿ, ಆದವಾನಿ, ಸೊಲ್ಲಾಪುರ, ಮುಂಬಯಿ, ಹೀಗೆ ಗಿರಣಿ ಎಲ್ಲಿದೆಯೋ ಅಲ್ಲಿಗೆ ಒಬ್ಬ ಫಿಟ್ಟರ್ ಹೋಗಿ, ಯಂತ್ರಕ್ಕೆ ಕೂರಿಸಿ, ಓಡಿಸಿ ತೋರಿಸಿ, ಗಿರಣಿಯ ಮೇಸ್ತ್ರಿ ತಲೆಯಾಡಿಸಿದ ಮೇಲೆ ವಾಪಸು ಬರಬೇಕು. ಇವರಿಗೆ ಟೂರ್ ಫಿಟ್ಟರುಗಳು ಅಂತ ಹೆಸರು. ಸಂಬಳ ಕಾರ್ಖಾನೆಯೊಳಗೆ ದುಡಿಯುತ್ತಿದ್ದ ನಮ್ಮಷ್ಟೇ. ಅವರಿಗೆ ಹೆಚ್ಚಿಗೆ ಸಿಗುತ್ತಿದ್ದದ್ದು ಊಟಕ್ಕೆ ಬಾಟಾ ಅನ್ನುವ ದಿನಭತ್ಯೆ, ರಾತ್ರಿ ತಂಗುವುದಕ್ಕೆ ಲಾಡ್ಜಿಂಗು. ಲಾಡ್ಜಿಂಗಿಗೆ ಯಾರೂ ರಸೀದಿ ಕೇಳುತ್ತಿರಲಿಲ್ಲ. ಇಷ್ಟು ರಾತ್ರಿ ಅಂತ ಬರೆದುಕೊಟ್ಟರೆ ಅಷ್ಟಕ್ಕೆ ದುಡ್ಡು.

ಇದರ ಒಳಗುಟ್ಟು ಎಲ್ಲರಿಗೂ ಗೊತ್ತಿತ್ತು. ಟೂರ್ ಫಿಟ್ಟರುಗಳು ಲಾಡ್ಜಿನ ಮುಖವನ್ನೇ ನೋಡುತ್ತಿರಲಿಲ್ಲ. ಗಿರಣಿಯ ಹತ್ತಿ ಅಂಡಿಗೆಗಳ ಮೇಲೆ, ಷಡ್ಡಕನ ಮನೆಯ ಪಡಸಾಲೆಯಲ್ಲಿ, ಸ್ಟೇಷನ್ನಿನ ಬೆಂಚಿನ ಮೇಲೆ ಮಲಗಿ ಉಳಿಸಿದ ಆ ದುಡ್ಡೇ ಅವರ ಮನೆ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು. ಕಂಪನಿಗೂ ಇದು ಗೊತ್ತಿತ್ತು. ಸಂಬಳ ಹೆಚ್ಚಿಸಿ ಅಂತ ಇವರು ಕೇಳುತ್ತಿರಲಿಲ್ಲವಲ್ಲ, ಅದಕ್ಕೆ ಸುಮ್ಮನಿತ್ತು. ಇದನ್ನು ಕಳ್ಳತನ ಅಂತ ಮೂಗು ಮುರಿಯುವವರು ಯಾರಾದರೂ ಇದ್ದರೆ ಅವರನ್ನು ಒಂದು ತಿಂಗಳು ಗುಂತಕಲ್ಲಿನ ಪ್ಲಾಟ್‌ಫಾರ್ಮಿನ ಮೇಲೆ ಮಲಗಿಸಬೇಕು.

ವೀರಬಸಪ್ಪ ಎಂಬತ್ತನೇ ಇಸವಿಯಲ್ಲಿ ಟೂರ್ ಫಿಟ್ಟರಾದ. ರೋಣದ ಕಡೆಯ ಹಳ್ಳಿಯವನು. ಉದ್ದಕ್ಕೆ ಒಣಕಲಾಗಿದ್ದ, ಹಣೆಗೆ ವಿಭೂತಿ, ಕೊರಳಲ್ಲಿ ಅಂಗಿಯೊಳಗೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ. ಅಪ್ಪ ಸತ್ತಾಗ ತಾಯಿ ಇವನನ್ನು ಹುಬ್ಬಳ್ಳಿಯ ಒಂದು ಮಠದಲ್ಲಿ ಬಿಟ್ಟಿದ್ದಳು. ಮಠದ ಪ್ರಸಾದ ನಿಲಯದಲ್ಲಿ ಉಂಡು, ಅಲ್ಲೇ ಮಲಗಿ ಐ.ಟಿ.ಐ. ಮುಗಿಸಿದವನು. ಹೆಂಡತಿ ಚಂದ್ರವ್ವನನ್ನೂ ಎರಡು ಮಕ್ಕಳನ್ನೂ ಕಟ್ಟಿಕೊಂಡು ಚಿಕ್ಕಬಾಣಾವರದ ಸ್ಟೇಷನ್ ಹತ್ತಿರ ಒಂದು ಕೋಣೆಯ ಮನೆಯಲ್ಲಿದ್ದ. ಮಾತು ಕಡಿಮೆ. ಗೇಟ್ ಮೀಟಿಂಗಿಗೆ ಕರೆದರೆ ಬಂದು ಹಿಂದೆ ನಿಲ್ಲುವನು, ಘೋಷಣೆ ಕೂಗು ಅಂದರೆ ತುಟಿ ಅಲ್ಲಾಡಿಸುವನು.

ಹುಬ್ಬಳ್ಳಿಗೆ ಹೋದ ಮೊದಲ ಟೂರಿಂದ ಬಂದು ಬಿಲ್ಲು ಕೊಟ್ಟ ದಿನ ಅಕೌಂಟ್ಸಿನ ಕಿಟಕಿಯ ಮುಂದೆ ಸಾಲು ನಿಂತಿತ್ತು. ಒಳಗಿದ್ದವನು ಅಕೌಂಟ್ಸ್ ಆಫೀಸರ್ ಆನಂದಪ್ಪ.

"ವೀರಬಸಪ್ಪನೋರೆ, ಲಾಡ್ಜಿಂಗ್ ಬರೆಯೋದು ಮರ್ತಿದೀರಾ."

"ಮರ್ತಿಲ್ರಿ. ಮಠದಾಗ ಇದ್ದೆನ್ರಿ."

"ಎಲ್ಲಾದ್ರೂ ಇರಿ, ನಮಗೇನು? ಬರೀರಿ. ನಿಮಗೆ ಬರೋ ದುಡ್ಡು ಅದು."

"ಮಠದಾಗ ಉಂಡೇನ್ರಿ, ಮಠದಾಗ ಮಲಗೇನ್ರಿ. ಅದಕ್ಕ ಬಿಲ್ ಬರದ್ರ ಪ್ರಸಾದ ಮಾರಿಕೊಂಡಾಂಗ ಆಗ್ತೈತ್ರಿ."

ಸಾಲಿನಲ್ಲಿ ಹಿಂದೆ ನಿಂತಿದ್ದ ಗಯಾಸ್ ಸುಮ್ಮನಿರುವ ಜಾತಿಯಲ್ಲ. ಯಶವಂತಪುರದ ಮಸೀದಿ ಹಿಂದಿನ ಗಲ್ಲಿಯವನು, ವೀರಬಸಪ್ಪನ ಪಕ್ಕದ ಬೆಂಚಿನ ಟೂರ್ ಫಿಟ್ಟರು. "ಮಾರೋದ್ ಬೇಡ ಗುರು, ಬಾಡಿಗೆಗೆ ಕೊಡು!" ಅಂದ. ಸಾಲೆಲ್ಲ ನಕ್ಕಿತು. ವೀರಬಸಪ್ಪನೂ ನಕ್ಕ. ಆದರೆ ಲಾಡ್ಜಿಂಗಿನ ಕಾಲಮಿನಲ್ಲಿ 'ಮಠದಲ್ಲಿ ಉಳಿದೆ' ಅಂತ ಬರೆದು ದುಡ್ಡಿನ ಕಾಲಮಿನಲ್ಲಿ ಗೀಟು ಎಳೆದ.

ಹೊರಗೆ ಬಂದ ಮೇಲೆ ಗಯಾಸ್ ಬಿಡಲಿಲ್ಲ. "ಲೋ, ತಗೊಂಡು ನಿಮ್ಮ ಮಠದ ಹುಂಡಿಗೇ ಹಾಕೋ. ದೇವರಿಗೂ ಲಾಭ, ನಿಂಗೂ ಪುಣ್ಯ."

"ಸುಳ್ಳು ಬರದು ತಂದಿದ್ದು ಹುಂಡಿಗಿ ಹಾಕಂಗಿಲ್ಲಪಾ. ದಾಸೋಹಕ್ಕ ಕೊಡೂದಿದ್ರ ಮೈಮುರದು ಕೊಡಬೇಕು."

ಹಾಗೇ ಕೊಡುತ್ತಿದ್ದ ಕೂಡ. ಹುಬ್ಬಳ್ಳಿ ಕಡೆ ಹೋದಾಗೆಲ್ಲ ಬೆಳಿಗ್ಗೆ ಬೇಗ ಎದ್ದು ಮಠದ ಬಾವಿಯ ಪಂಪು ಬಿಚ್ಚಿ, ಬುಷ್ ಬದಲಿಸಿ, ಎಣ್ಣೆ ಹಾಕಿ, ಆಮೇಲೆ ಗಿರಣಿಗೆ ಹೋಗುತ್ತಿದ್ದ. ಮಠದಲ್ಲಿ ಉಂಡವನು ಮಠಕ್ಕೆ ದುಡಿಯಬೇಕು, ಅಷ್ಟೇ ಅವನ ಲೆಕ್ಕ. ಇದರಲ್ಲಿ ಕಂಪನಿ ಎಲ್ಲಿಂದ ಬಂತು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಮಠದಲ್ಲಿ ತಂಗಿದಾಗೆಲ್ಲ ಎರಡು ವರ್ಷ ಹೀಗೇ ಗೀಟು ಎಳೆದುಕೊಂಡು ಬಂದ. ನಮಗೂ ಅದು ತಮಾಷೆಯ ವಿಷಯವೇ ಆಗಿತ್ತು. 'ಅಯ್ನೋರು' ಅಂತ ಹೆಸರಿಟ್ಟು ಮರೆತೆವು.

ಎಂಬತ್ತೆರಡರಲ್ಲಿ ಮುಂಬಯಿಯ ಗಿರಣಿಗಳು ನಿಂತವು. ಅಲ್ಲಿಯ ಕಾರ್ಮಿಕರ ಮುಷ್ಕರಕ್ಕೆ ನಾವು ಇಲ್ಲಿ ಚಂದಾ ಎತ್ತಿ ಕಳಿಸಿದೆವು. ಅದು ನಮ್ಮ ಹೊಟ್ಟೆಯ ಮೇಲೂ ಬರುತ್ತದೆ ಅನ್ನುವುದು ಗೊತ್ತಿದ್ದೇ ಕಳಿಸಿದೆವು. ಗಿರಣಿ ನಿಂತರೆ ಕದಿರು ಯಾರಿಗೆ ಬೇಕು? ಆರ್ಡರು ಬತ್ತಿತು. ಎರಡನೇ ಪಾಳಿ ನಿಂತಿತು. ಆಗ ಜನರಲ್ ಮ್ಯಾನೇಜರು ಖರ್ಚು ಕತ್ತರಿಸಲು ಕೂತರು.

ಕಂಪನಿಗಳು ಖರ್ಚು ಕತ್ತರಿಸುವ ಕ್ರಮ ಒಂದಿದೆ. ಕತ್ತರಿ ಯಾವತ್ತೂ ಕೆಳಗಿನಿಂದ ಶುರುವಾಗುತ್ತದೆ, ಮೇಲೆ ಹೋಗುವ ಹೊತ್ತಿಗೆ ಮೊಂಡಾಗಿರುತ್ತದೆ. ಮೊದಲು ಇಬ್ಬರು ಹೋಗುವ ಕಡೆಗೆ ಒಬ್ಬನೇ ಹೋಗಬೇಕು ಅಂದರು. ಆಮೇಲೆ ಒಂದೇ ಗಿರಣಿಯ ಕೆಲಸಕ್ಕಾದರೆ ಯಾರನ್ನೂ ಕಳಿಸುವುದಿಲ್ಲ, ಒಂದೇ ರೈಲು ದಾರಿಯಲ್ಲಿ ಮೂರ್ನಾಲ್ಕು ಗಿರಣಿಗಳ ಕೆಲಸ ಕೂಡಿಬರಲಿ ಅಂದರು. ಹೊರಡುವ ದಿನದ ಬಾಟಾ ಉಳಿಸಲು ಮಧ್ಯರಾತ್ರಿ ಕಳೆದ ಮೇಲಿನ ರೈಲನ್ನೇ ಹತ್ತಬೇಕು ಅಂದರು. ಸ್ಟೇಷನ್ನಿನಿಂದ ಗಿರಣಿಗೆ ಜಟಕಾ ಬೇಡ, ಪೆಟ್ಟಿಗೆ ಹೊತ್ತುಕೊಂಡು ನಡೆಯಿರಿ ಅಂದರು. ಜಿ.ಎಂ. ಸಾಹೇಬರು ಮಾತ್ರ ದೆಹಲಿಗೆ ವಿಮಾನದಲ್ಲೇ ಹೋಗಿಬರುತ್ತಿದ್ದರು. ಅದು ಪ್ರಯಾಣದ ಖರ್ಚಲ್ಲವಂತೆ, 'ಮಾರಾಟ ಅಭಿವೃದ್ಧಿ'ಯಂತೆ.

ಇಷ್ಟೆಲ್ಲ ಕತ್ತರಿಸಿದರೂ ಸಾಲದೆ ಸಾಹೇಬರು ಆನಂದಪ್ಪನನ್ನು ಕರೆದು ಇನ್ನೆಲ್ಲಿ ಕತ್ತರಿಸಬಹುದು ಅಂತ ಕೇಳಿದರು. ಆನಂದಪ್ಪ ಬಿಲ್ಲುಗಳ ಕಟ್ಟು ಬಿಚ್ಚಿದ. ಅದರಲ್ಲಿ ವೀರಬಸಪ್ಪನ ಗೀಟುಗಳು ಕಂಡವು.

ಮಾರನೆಯ ವಾರ ನೋಟಿಸ್ ಬೋರ್ಡಿಗೆ ಸುತ್ತೋಲೆ ಬಿತ್ತು. ನಮ್ಮದೇ ನೌಕರ ಶ್ರೀ ವೀರಬಸಪ್ಪನವರು ಪ್ರವಾಸದಲ್ಲಿ ಮಠದಲ್ಲಿ ತಂಗಿ ಕಂಪನಿಯ ಹಣ ಉಳಿಸಿ ಮಾದರಿಯಾಗಿದ್ದಾರೆ, ಇನ್ನು ಮುಂದೆ ಎಲ್ಲ ಟೂರ್ ಫಿಟ್ಟರುಗಳೂ ಮಠ, ಛತ್ರ, ಧರ್ಮಶಾಲೆ ಅಥವಾ ಗಿರಣಿಯ ಆವರಣದಲ್ಲಿ ತಂಗತಕ್ಕದ್ದು, ಲಾಡ್ಜಿಂಗ್ ಭತ್ಯೆ ರದ್ದು. ಆ ವರ್ಷದ ಆಯುಧ ಪೂಜೆಯಲ್ಲಿ ವೀರಬಸಪ್ಪನನ್ನು ಮುಂದೆ ಕರೆದು, ಹಾರ ಹಾಕಿ, ಕೈಗೆ ಒಂದು ಸ್ಟೀಲ್ ಟಿಫನ್ ಕ್ಯಾರಿಯರ್ ಕೊಟ್ಟರು. ಚಪ್ಪಾಳೆ ತಟ್ಟಿದವರು ಆಫೀಸಿನ ಕಡೆಯವರು ಮಾತ್ರ.

ಗೇಟಿನ ಹೊಂಗೆ ಮರದ ಕೆಳಗೆ ಮುದ್ದೆ ಸಾರು ಮಾರುತ್ತಿದ್ದ ಶೆಟ್ಟಿಹಳ್ಳಿಯ ಮುನಿಕೆಂಪಮ್ಮ ಅವತ್ತು ಸಂಜೆ ಅವನನ್ನು ಹಿಡಿದು ನಿಲ್ಲಿಸಿದಳು.

"ಏನ್ ಈರ್ಬಸಪ್ಪಾ, ಕ್ಯಾರಿಯರ್ ಕೊಟ್ಟವ್ರಂತೆ?"

"ಹೂಂನವ್ವಾ."

"ಅನ್ನ ಕಿತ್ಕೊಂಡು ಡಬ್ಬ ಕೊಡಾದು, ಸಂದಾಗೈತೆ ಕಣಪ್ಪ. ಇಂಗೆ ಬುದ್ಧಿ ಓಡ್ಸೋರು ನಮ್ಮೂರಾಗಿಲ್ಲ."

ಅವನು ಮರುದಿನವೇ ಆನಂದಪ್ಪನ ಕಿಟಕಿಗೆ ಹೋದ. "ನನ್ನ ಹೆಸರು ತಗೀರಿ ಸಾಹೇಬ್ರ. ನಾ ಕಂಪನಿಗೆ ಉಳಿಸಾಕ ಮಾಡಿದ್ದಲ್ರಿ ಅದು."

"ನಂಗೊತ್ತು ಕಣ್ರೀ. ಆದ್ರೆ ಬರೆದು ಸಹಿ ಮಾಡಿದೋರು ನೀವಲ್ವಾ? ನಾನೇನ್ ಸೇರಿಸಿಲ್ಲ, ಕಳೆದೂ ಇಲ್ಲ." ಆನಂದಪ್ಪ ಕೆಟ್ಟವನಲ್ಲ. ಮೇಲಿನವರು ಕೇಳಿದ್ದನ್ನು ಎತ್ತಿಕೊಡುವುದು ಅವನ ಕೆಲಸ, ಎತ್ತಿಕೊಟ್ಟಿದ್ದ.

ಟೂರ್ ಫಿಟ್ಟರುಗಳು ವೀರಬಸಪ್ಪನ ಜೊತೆ ಮಾತು ಬಿಟ್ಟರು. ಕ್ಯಾಂಟೀನಿನಲ್ಲಿ ಅವನು ಕೂತ ಬೆಂಚಿನಿಂದ ಏಳುತ್ತಿದ್ದರು. ಒಬ್ಬನಂತೂ ಅವನ ತಟ್ಟೆಯ ಮುಂದೆ ನಿಂತು, "ಅಯ್ನೋರೇ, ನನ್ನ ಮಗಳ ಫೀಸು ಯಾವ ಮಠದಲ್ಲಿ ಕಟ್ಲಿ, ಅಡ್ರೆಸ್ ಕೊಡಿ" ಅಂದ. ಗಯಾಸ್ ಒಬ್ಬನೇ ಪಕ್ಕದಲ್ಲಿ ಕೂರುತ್ತಿದ್ದವನು. ಅವನೂ ಮಾತಾಡುತ್ತಿರಲಿಲ್ಲ, ಕೂರುತ್ತಿದ್ದ ಅಷ್ಟೆ.

ಎಂಬತ್ತಮೂರರ ಮಳೆಗಾಲದಲ್ಲಿ ಗಯಾಸನನ್ನು ಆದವಾನಿಗೆ ಕಳಿಸಿದರು. ದಾರಿಯಲ್ಲಿ ಗುಂತಕಲ್ಲಿನಲ್ಲಿ ಇಳಿದು ರೈಲು ಬದಲಿಸಬೇಕು, ಮುಂದಿನ ರೈಲು ಬೆಳಿಗ್ಗೆಗೆ. ಸುತ್ತೋಲೆ ಹೇಳಿದಂತೆ ಅವನು ಮೊದಲು ಒಂದು ಛತ್ರಕ್ಕೇ ಹೋದ. ಕಾವಲಿನವನು ಹೆಸರು ಕೇಳಿದ. ಹೇಳಿದ. ಜಾಗ ಇಲ್ಲ ಅಂದ. ಗಯಾಸ್ ವಾಪಸು ಬಂದು ಪ್ಲಾಟ್‌ಫಾರ್ಮಿನ ಮೇಲೆ ಮಲಗಿದ. ಹತಾರದ ಪೆಟ್ಟಿಗೆಯ ಹಿಡಿಗೆ ಟವೆಲ್ಲು ಕಟ್ಟಿ ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡಿದ್ದ. ಎದ್ದಾಗ ಮುಂಗೈಯಲ್ಲಿ ಟವೆಲ್ಲಿನ ಅರ್ಧ ಇತ್ತು. ಪೆಟ್ಟಿಗೆ ಇರಲಿಲ್ಲ.

ಪೆಟ್ಟಿಗೆಯಲ್ಲಿ ಅವನ ಸ್ಪ್ಯಾನರುಗಳಷ್ಟೇ ಅಲ್ಲ, ಕಂಪನಿಯ ಜರ್ಮನ್ ಡಯಲ್ ಗೇಜು ಇತ್ತು. ಕದಿರು ಕೂದಲೆಳೆಯಷ್ಟು ಓಲಾಡಿದರೂ ಮುಳ್ಳು ತಿರುಗಿಸಿ ತೋರಿಸುವ, ಗಡಿಯಾರದಂಥ ವಸ್ತು. ಅಂಥದ್ದು ಮತ್ತೆ ತರಿಸಬೇಕಾದರೆ ಸರ್ಕಾರದ ಪರವಾನಗಿ ಬೇಕು.

ಕಂಪನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದುಂಟೇ? ಆರ್ಡರು ಇಲ್ಲದ ಕಾಲದಲ್ಲಿ ಕೆಲಸಗಾರನನ್ನು ತೆಗೆದರೆ ಪರಿಹಾರ ಕೊಡಬೇಕು. ತಪ್ಪು ಹೊರಿಸಿ ತೆಗೆದರೆ ಒಂದು ಕಾಸೂ ಕೊಡಬೇಕಾಗಿಲ್ಲ. ಗಯಾಸನಿಗೆ ಚಾರ್ಜ್ ಶೀಟ್ ಬಂತು. ಪುಕ್ಕಟೆಯಾಗಿ, ಭದ್ರವಾಗಿ ತಂಗುವ ಜಾಗಗಳಿದ್ದರೂ ಸುತ್ತೋಲೆ ಮೀರಿ ಪ್ಲಾಟ್‌ಫಾರ್ಮಿನಲ್ಲಿ ಮಲಗಿ ಕಂಪನಿಯ ಸ್ವತ್ತು ಕಳೆದಿದ್ದಾನೆ ಅಂತ. ವಿಚಾರಣೆ ನಡೆಸಿ ವರದಿ ಬರೆಯಲು ಗಾಂಧಿನಗರದಿಂದ ಒಬ್ಬ ವಕೀಲನನ್ನು ಗೊತ್ತುಮಾಡಿದರು. ಪುಕ್ಕಟೆಯಾಗಿ ತಂಗುವುದು ಸಾಧ್ಯ ಅಂತ ತೋರಿಸಲು ಆಡಳಿತದ ಕಡೆಗೆ ಇದ್ದದ್ದು ಒಬ್ಬನೇ ಸಾಕ್ಷಿ. ಅವನು ವೀರಬಸಪ್ಪ.

ಗಯಾಸನ ಮನೆಯಲ್ಲಿ ದುಡಿಯುವವನು ಅವನೊಬ್ಬ. ಅಪ್ಪ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದ, ಇಬ್ಬರು ತಂಗಿಯರು ಮನೆಯಲ್ಲಿ ಕೂತು ಅಗರಬತ್ತಿ ಹೊಸೆಯುತ್ತಿದ್ದರು. ಹೊರಗೆ ಎಲ್ಲೂ ಕೆಲಸವಿಲ್ಲದ ಕಾಲ. ಈ ಕೆಲಸ ಹೋದರೆ ಅವನು ಮುಗಿದ ಹಾಗೆ ಅಂತ ನಮಗೆಲ್ಲ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ನಾವು ಚಿಕ್ಕಬಾಣಾವರಕ್ಕೆ ಹೋದೆವು. ಮುಂದಾಳು ನಮ್ಮ ಯೂನಿಯನ್ ಕಾರ್ಯದರ್ಶಿ ಅಶ್ವತ್ಥಪ್ಪ, ಕೊಡಿಗೇಹಳ್ಳಿಯವನು, ಮಾತಿನಲ್ಲಿ ಜೋರು. ಗಯಾಸನನ್ನೂ ಎಳೆದುಕೊಂಡು ಹೋಗಿದ್ದೆವು. ಅವನು ಒಳಗೆ ಬರದೆ ಹೊಸಿಲ ಹೊರಗೆ ಕೂತ. ಚಂದ್ರವ್ವ ಚುರುಮುರಿ ಕೊಟ್ಟಳು, ಚಹಾ ಕೊಟ್ಟಳು. ಹೊಸಿಲಾಚೆಗೂ ಒಂದು ಲೋಟ ಹೋಯಿತು.

ಅಶ್ವತ್ಥಪ್ಪ ಸುತ್ತಿ ಬಳಸಲಿಲ್ಲ. "ನೋಡಿ ವೀರಬಸಪ್ಪ, ಅವತ್ತು ಕೇಳ್ತಾರೆ, ಮಠದಲ್ಲಿ ಇದ್ರಾ ಅಂತ. ಇಲ್ಲ ಅನ್ನಿ. ಲಾಡ್ಜಲ್ಲಿ ಇದ್ದೆ ಅನ್ನಿ. ಅಷ್ಟೇ."

"ಇದ್ದೆನಲ್ರಿ ಅಶ್ವತ್ಥಪ್ಪಾರ."

"ಅದು ನಂಗೊತ್ತು, ನಿಮಗೊತ್ತು. ಕಾಗದಕ್ಕೆ ಗೊತ್ತಾಗೋದು ಬೇಡ."

"ಕಾಗದದಾಗ ನಾನ ಬರದೇನಲ್ರಿ."

"ಸುಳ್ಳು ಬರೆದಿದ್ದೆ ಅನ್ನಿ!"

ಒಲೆಯ ಹತ್ತಿರವಿದ್ದ ಚಂದ್ರವ್ವ ಎದ್ದು ಬಂದಳು. "ಅಣ್ಣಾರ, ಇವರು ಎಂಟು ವರ್ಷದಾವ್ರಿದ್ದಾಗಿಂದ ಆ ಮಠದ ಅನ್ನ ಉಂಡಾರ. ಹೆತ್ತವ್ವ ಬಿಟ್ಟು ಹೋದ್ಲು, ಮಠ ಬಿಡಲಿಲ್ಲ. ಆ ಅನ್ನ ಉಂಡಿಲ್ಲಂತ ಬಾಯಿ ಬಿಟ್ಟು ಹೇಳಂತೀರೇನ್ರಿ? ಆಮ್ಯಾಲ ಯಾವ ಬಾಯಿಲೆ ಉಣಬೇಕ್ರಿ ಇವರು?"

"ತಂಗೀ, ಅದು ಅನ್ನ. ಇದು ಒಬ್ಬ ಮನುಷ್ಯನ ಹೊಟ್ಟೆ."

"ಎರಡೂ ಒಂದ ಅಲ್ಲೇನ್ರಿ?"

ಆಗ ಹೊಸಿಲಿನಿಂದ ಗಯಾಸ್ ಎದ್ದ. ತಿಂಗಳುಗಟ್ಟಲೆ ನುಂಗಿಕೊಂಡಿದ್ದು ಹೊರಬಂತು.

"ನಡೀರಿ ಅಶ್ವತ್ಥಣ್ಣ, ಸಾಕು. ಇವನ ಕಾಲು ಹಿಡಿಯೋಕ್ಕೆ ನಾನು ಬಂದಿಲ್ಲ. ಲೋ ವೀರು, ನಿನ್ನ ದೇವರು ಭಾಳ ದುಬಾರಿ ಕಣೋ. ನೀನು ಪುಣ್ಯ ತಗೊಂಡೆ, ಬಿಲ್ಲು ಮಾತ್ರ ನಮ್ಮ ಮನೆಗೆ ಬಂತು."

ವೀರಬಸಪ್ಪ ತಲೆ ಎತ್ತಲಿಲ್ಲ. ಚುರುಮುರಿಯ ತಟ್ಟೆಯಲ್ಲಿ ಬೆರಳು ಆಡಿಸುತ್ತಾ, "ನನ್ ಜೋಡಿ ಮಠಕ್ಕ ಬಂದಿದ್ರ ನಿನ್ನ ಯಾರೂ ಹೆಸರು ಕೇಳ್ತಿರಲಿಲ್ಲೋ ಗಯಾಸ" ಅಂದ.

"ಗುಂತಕಲ್ಲಲ್ಲಿ ಕೇಳಿದ್ರಲ್ಲಪ್ಪ. ಎಲ್ಲಾ ಊರಲ್ಲೂ ನಿನ್ನ ಮಠ ಇರುತ್ತೇನೋ?"

ಹೀಗೆ ಆ ಮಾತು ಅಲ್ಲಿಗೇ ನಿಂತಿತು. ನಾವು ರೈಲು ಹಿಡಿದು ಬಂದೆವು. ದಾರಿಯುದ್ದಕ್ಕೂ ಅಶ್ವತ್ಥಪ್ಪ ಬೈದ. ಕಂಪನಿಯನ್ನು ಬೈದ, ಮಠವನ್ನು ಬೈದ, ಕೊನೆಗೆ ಚುರುಮುರಿಗೆ ಖಾರ ಜಾಸ್ತಿ ಅಂತಲೂ ಬೈದ.

ವಿಚಾರಣೆ ನಡೆದದ್ದು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ. ಸಾಂಬಾರಿನ ವಾಸನೆ ಬರುತ್ತಿತ್ತು. ವಕೀಲ ಮೇಜಿನ ಹಿಂದೆ, ಒಂದು ಕಡೆ ಆನಂದಪ್ಪ ಬಿಲ್ಲುಗಳ ಕಟ್ಟು ಇಟ್ಟುಕೊಂಡು, ಇನ್ನೊಂದು ಕಡೆ ಗಯಾಸ್, ಅಶ್ವತ್ಥಪ್ಪ, ನಾನು. ವೀರಬಸಪ್ಪ ಒಳಗೆ ಬಂದ. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಅದನ್ನು ನೋಡಿದ ಕೂಡಲೇ ನನಗೆ ಅರ್ಥವಾಯಿತು, ಇವನು ಏನು ಹೇಳಲು ಬಂದಿದ್ದಾನೆ ಅಂತ. ಅಶ್ವತ್ಥಪ್ಪನಿಗೆ ಆಗಲಿಲ್ಲ, ಅವನು ಉಗುರು ಕಚ್ಚುತ್ತಿದ್ದ.

ವಕೀಲ ನಗುತ್ತಲೇ ಶುರುಮಾಡಿದ. ಕಂಪನಿ ಕರೆಸಿದ ಸಾಕ್ಷಿಯಲ್ಲವೇ.

"ಪ್ರವಾಸದಲ್ಲಿ ನೀವು ಮಠದಲ್ಲಿ ತಂಗುತ್ತಿದ್ದಿರಿ, ಅಲ್ವಾ?"

"ಇಲ್ರಿ."

ವಕೀಲ ಪೆನ್ನು ಕೆಳಗಿಟ್ಟ. "ಏನಂದ್ರಿ?"

"ಇಲ್ಲಂದೆನ್ರಿ. ಲಾಡ್ಜಿನ್ಯಾಗ ಇದ್ದೆನ್ರಿ."

"ಬಿಲ್ಲಿನಲ್ಲಿ ಮಠ ಅಂತ ಬರೆದಿದೀರಲ್ಲ?"

"ಸುಳ್ಳು ಬರದಿದ್ದೆನ್ರಿ. ಸಾಹೇಬ್ರು ಮೆಚ್ಚಲಿ ಅಂತ. ಲಾಡ್ಜಿಗೆ ಕೈಯಿಂದ ಕೊಟ್ಟೆನ್ರಿ."

ಆನಂದಪ್ಪ ತಡೆಯಲಾರದೆ ಬಾಯಿ ಹಾಕಿದ. "ರೀ ವೀರಬಸಪ್ಪ, ಏನ್ ಹೇಳ್ತಿದೀರಾ? ಪ್ರಸಾದ ಮಾರಿಕೊಂಡ ಹಾಗೆ ಅಂತ ನನ್ನ ಮುಂದೆ ನೀವೇ ಅಂದ್ರಲ್ರೀ!"

"ಅಂದಿರಬೇಕ್ರಿ. ನಾಟಕ ಮಾಡಿದ್ದೆನ್ರಿ."

"ಊಟ?" ಅಂದ ವಕೀಲ. ಈಗ ನಗು ಇರಲಿಲ್ಲ. "ಊಟನಾದ್ರೂ ಮಠದಲ್ಲಿ ಮಾಡಿದೀರೋ ಇಲ್ವೋ? ಒಂದು ದಿನ? ಒಂದು ಹೊತ್ತು?"

ಇಲ್ಲಿ ಅವನು ನಿಂತ. ಲಾಡ್ಜಿನ ಸುಳ್ಳು ಹೇಗೋ ಬಂದುಬಿಟ್ಟಿತ್ತು, ಇದು ಬರಲಿಲ್ಲ. ಹೊರಗೆ ಕ್ಯಾಂಟೀನಿನವರು ತಟ್ಟೆ ತೊಳೆಯುವ ಸದ್ದು. ಗಯಾಸ್ ಕುರ್ಚಿಯಿಂದ ಅರ್ಧ ಎದ್ದು, "ಬೇಡ ಬಿಡೋ ವೀರು" ಅಂದ. ಅಶ್ವತ್ಥಪ್ಪ ಅವನ ಭುಜ ಹಿಡಿದು ಕೂರಿಸಿದ.

"ಉಂಡಿಲ್ರಿ" ಅಂದ ವೀರಬಸಪ್ಪ. "ಒಂದು ತುತ್ತೂ ಉಂಡಿಲ್ರಿ. ಖಾನಾವಳಿಯಾಗ ಉಂಡೇನ್ರಿ."

ಬರೆದುಕೊಂಡರು. ಸಹಿ ಹಾಕಿಸಿಕೊಂಡರು. ಅವನು ಎದ್ದು ಯಾರ ಮುಖವನ್ನೂ ನೋಡದೆ ತನ್ನ ಬೆಂಚಿಗೆ ಹೋಗಿ ಅರೆಬರೆ ಬಿಟ್ಟಿದ್ದ ಕದಿರನ್ನು ಕೈಗೆತ್ತಿಕೊಂಡ.

ಗಯಾಸನ ಕೆಲಸ ಉಳಿಯಿತು. ಪುಕ್ಕಟೆ ತಂಗುವ ವ್ಯವಸ್ಥೆ ಇತ್ತು ಅನ್ನುವುದೇ ರುಜುವಾತಾಗಲಿಲ್ಲ ಅಂತ ವಕೀಲ ಬರೆದ. ಕಂಪನಿ ಗೊತ್ತುಮಾಡಿದ ವಕೀಲನಾದರೂ ಬರೆಯಬೇಕಾದದ್ದನ್ನು ಬರೆದ, ಅದನ್ನು ಒಪ್ಪಬೇಕು. ಗಯಾಸನಿಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ನಾವು ಗೇಟಿನಲ್ಲಿ ಜೈಕಾರ ಹಾಕಿದೆವು.

ಜೈಕಾರ ಆರುವ ಮೊದಲೇ ವೀರಬಸಪ್ಪನಿಗೆ ಚಾರ್ಜ್ ಶೀಟ್ ಬಂತು. ಬಿಲ್ಲಿನಲ್ಲಿ ಮಠ ಅಂತ ಬರೆದಿದ್ದೀರಿ, ವಿಚಾರಣೆಯಲ್ಲಿ ಲಾಡ್ಜು ಅಂದಿದ್ದೀರಿ. ಎರಡರಲ್ಲಿ ಒಂದು ಸುಳ್ಳು, ಯಾವುದು ಅಂತ ತಿಳಿಸಿ. ಬಿಲ್ಲು ನಿಜ ಅಂದರೆ ಗಯಾಸ್ ಹೋಗುತ್ತಾನೆ. ಬಿಲ್ಲು ಸುಳ್ಳು ಅಂದರೆ ಇವನು ಹೋಗುತ್ತಾನೆ. ಆಡಳಿತಕ್ಕೆ ಬೇಕಾಗಿದ್ದದ್ದು ಒಬ್ಬ ಫಿಟ್ಟರು ಕಡಿಮೆಯಾಗುವುದು. ಯಾರು ಅನ್ನುವುದು ಅವರಿಗೆ ಒಂದೇ. ಏನಾದರೊಂದು ಉತ್ತರ ಬರೆದು ಕೊಡೋಣ ಅಂತ ಅಶ್ವತ್ಥಪ್ಪ ಕಾಗದ ಹಿಡಿದು ಬೆಂಚಿನ ಹತ್ತಿರ ಹೋದರೆ, "ಹೇಳೂದೆಲ್ಲಾ ಹೇಳಿ ಮುಗಿಸೇನ್ರಿ" ಅಂದ. ಸಂಕ್ರಾಂತಿ ಕಳೆದ ಮೇಲೆ ಅವನನ್ನು ವಜಾ ಮಾಡಿದರು. ಮೋಸದ ಬಿಲ್ಲು ಅನ್ನುವ ಕಾರಣ. ಒಂದು ಕಾಸೂ ತೆಗೆದುಕೊಳ್ಳದ ಬಿಲ್ಲು ಅದು.

ನಾವು ಒಂದು ದಿನ ಕೆಲಸ ನಿಲ್ಲಿಸಿದೆವು. ಎರಡನೆಯ ದಿನ ನಿಲ್ಲಿಸಲಿಲ್ಲ. ಆರ್ಡರು ಇಲ್ಲದ ಕಂಪನಿಯಲ್ಲಿ ಮುಷ್ಕರ ಮಾಡಿದರೆ ಸಂಬಳ ಉಳಿಯುವುದು ಮಾಲೀಕನಿಗೇ. ಸಾಹೇಬರು ಕಿಟಕಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ನಮ್ಮನ್ನು ನೋಡುತ್ತಿದ್ದರು. ಮಠದ ಸುತ್ತೋಲೆಯನ್ನು ಬೋರ್ಡಿನಿಂದ ತೆಗೆದು ಆ ಜಾಗದಲ್ಲಿ ಇನ್ನೊಂದು ಹಾಕಿದರು. ಟೂರುಗಳೇ ಬಂದ್, ಗಿರಣಿಯವರು ಬೇಕಿದ್ದರೆ ತಮ್ಮ ಮೇಸ್ತ್ರಿಯನ್ನು ತಮ್ಮ ಖರ್ಚಿನಲ್ಲಿ ಇಲ್ಲಿಗೆ ಕಳಿಸಿ ಕಲಿಸಿಕೊಳ್ಳಲಿ ಅಂತ. ಪ್ರಯಾಣದ ಖರ್ಚು ಸೊನ್ನೆಗೆ ಬಂತು. ಗಯಾಸನನ್ನು ಪ್ಯಾಕಿಂಗಿಗೆ ಹಾಕಿದರು, ಮರದ ಪೆಟ್ಟಿಗೆಗೆ ಮೊಳೆ ಹೊಡೆಯಲು. ಆರ್ಡರು ಇಲ್ಲವಾಗಿ ಹೊಡೆದ ಮೊಳೆಯನ್ನೇ ಕಿತ್ತು ಮತ್ತೆ ಹೊಡೆಯುತ್ತಿದ್ದ ದಿನಗಳೂ ಇದ್ದವು.

ವೀರಬಸಪ್ಪ ಪೀಣ್ಯದ ಶೆಡ್ಡುಗಳನ್ನೆಲ್ಲ ಸುತ್ತಿದ. ವಜಾ ಆದವನು, ಅದೂ ಮೋಸದ ಆಪಾದನೆ. ಗೇಟು ದಾಟಿಸುವವರಿಲ್ಲ. ಚಂದ್ರವ್ವ ಸ್ಟೇಷನ್ನಿನ ಹತ್ತಿರ ರೊಟ್ಟಿ ಬಡಿದು ಮಾರತೊಡಗಿದಳು. ಬೆಂಗಳೂರಿನಲ್ಲಿ ಆಗಲಿಲ್ಲ ಅಂತ ಅವನು ದಾವಣಗೆರೆ, ಹರಿಹರ, ರಾಣೇಬೆನ್ನೂರು ಅಂತ ತಾನು ಕದಿರು ಕೂರಿಸಿದ್ದ ಗಿರಣಿಗಳಿಗೇ ಹೋಗಿ ಕೇಳಿದ. ಮೇಸ್ತ್ರಿಗಳು ಗುರುತು ಹಿಡಿದು ಚಹಾ ಕುಡಿಸಿ ಕಳಿಸಿದರು. ಅವರ ಗಿರಣಿಗಳೇ ಇವತ್ತೋ ನಾಳೆಯೋ ಅನ್ನುವಂತಿದ್ದವು.

ಎಂಬತ್ತೈದರಲ್ಲಿ ಕಂಪನಿ ಬೀಗ ಹಾಕಿತು. ಆಗ ನಾವೆಲ್ಲರೂ ವೀರಬಸಪ್ಪನ ಸಾಲಿಗೇ ಬಂದೆವು. ಒಬ್ಬನ ಕೆಲಸ ಉಳಿಸಲು ಇನ್ನೊಬ್ಬ ಕೊಟ್ಟ ಬೆಲೆ ಒಂದೂವರೆ ವರ್ಷ ಬಾಳಿಕೆ ಬಂತು, ಅಷ್ಟೆ.

ಅದಾದ ಮೇಲೆ ಗಯಾಸ್ ಚಿಕ್ಕಬಾಣಾವರಕ್ಕೆ ಹೋಗಿ ಹೊಸಿಲು ದಾಟಿ ಒಳಗೆ ಕೂತ. ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ ಇಬ್ಬರು ಫಿಟ್ಟರುಗಳು ಬೇಕಂತೆ ಅನ್ನುವ ಸುದ್ದಿ ತಂದಿದ್ದ. ಇಬ್ಬರೂ ಹೊರಟರು. ಚಂದ್ರವ್ವ ಆ ಮಾದರಿ ನೌಕರನ ಕ್ಯಾರಿಯರಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಮುಂದಿನದನ್ನು ನನಗೆ ಹೇಳಿದವನು ಗಯಾಸ್.

ಗಿರಣಿಯ ಗೇಟಿನಲ್ಲಿ ಆ ಎರಡು ಕೆಲಸಕ್ಕೆ ಇನ್ನೂರು ಜನ ನಿಂತಿದ್ದರು. ಇವರು ಮೇಸ್ತ್ರಿಯ ಹತ್ತಿರ ಹೋಗುವ ಹೊತ್ತಿಗೆ ಕೆಲಸ ಯಾರಿಗೋ ಆಗಿತ್ತು. ಬುತ್ತಿ ಹಿಂದಿನ ದಿನವೇ ಮುಗಿದಿತ್ತು. ಜೇಬಿನಲ್ಲಿ ವಾಪಸು ಟಿಕೇಟಿನ ದುಡ್ಡು ಬಿಟ್ಟು ಬೇರೆ ಇರಲಿಲ್ಲ, ರೈಲು ಬೆಳಿಗ್ಗೆಗೆ. ಸಂಜೆ ನಡೆದುಕೊಂಡು ಬರುವಾಗ ದಾರಿಯಲ್ಲೇ ವೀರಬಸಪ್ಪ ಬೆಳೆದ ಮಠ ಸಿಕ್ಕಿತು. ಒಳಗೆ ದಾಸೋಹದ ಪಂಕ್ತಿ ಕೂತಿತ್ತು. ಹುಗ್ಗಿಯ ವಾಸನೆ ಬೀದಿಗೇ ಬರುತ್ತಿತ್ತು.

"ಬಾರೋ ವೀರು" ಅಂದ ಗಯಾಸ್. "ಹೊಟ್ಟೆ ಕೂಗ್ತಾ ಇದೆ. ಈ ಸಲ ನಾನೇ ಮುಂದೆ ಹೋಗ್ತೀನಿ. ಹೆಸರು ಕೇಳಿದ್ರೆ ಗಯಾಸ್ ಅಂತಾನೇ ಹೇಳ್ತೀನಿ."

"ನೀ ಹೋಗಿ ಉಂಡು ಬಾ. ನಾ ಒಲ್ಲೆ."

"ಯಾಕೋ? ಇಲ್ಲಿ ಯಾವ ವಕೀಲ ಕೂತಿದಾನೆ?"

"ಉಂಡಿಲ್ಲಂತ ಹೇಳಿ ಬಂದೇನಿ. ಮತ್ತ ಹ್ಯಾಂಗ ಉಣ್ಣಲಿ?"

ಗಯಾಸ್ ಬೈದ, ಕೈ ಹಿಡಿದು ಎಳೆದ. ಅವನು ಬಾಗಿಲ ಹೊರಗಿನ ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಖಾಲಿ ಕ್ಯಾರಿಯರು ಪಕ್ಕದಲ್ಲಿಟ್ಟುಕೊಂಡ. ಗಯಾಸ್ ಒಬ್ಬನೇ ಒಳಗೆ ಹೋದ. ಹಸಿದಿದ್ದ, ಹೋದ. ಯಾರೂ ಹೆಸರು ಕೇಳಲಿಲ್ಲ. ಬಡಿಸುವವನು ಕೇಳಿದ್ದು ಒಂದೇ, "ಇನ್ನೊಂದೀಟು ಹುಗ್ಗಿ ಹಾಕಲೇನಪಾ?" ಅಂತ. ಎರಡು ಸಲ ಹಾಕಿಸಿಕೊಂಡ.

ಅವನು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಮಠದ ಒಬ್ಬ ಮುದುಕ ವೀರಬಸಪ್ಪನ ಮುಂದೆ ನಿಂತಿದ್ದ. ಅಡಿಗೆಮನೆಯವನಿರಬೇಕು, ಇವನನ್ನು ಹುಡುಗನಾಗಿದ್ದಾಗಿನಿಂದ ಕಂಡವನು. ಒಳಗಿನಿಂದ ಬಾವಿಯ ಪಂಪು ಕಿರುಗುಡುವ ಸದ್ದು ಬರುತ್ತಿತ್ತು.

"ಏ ವೀರಬಸ್ಯಾ! ಎಲ್ಲಿ ಹೋಗಿದ್ದೆಲೇ ಇಷ್ಟ್ ದಿವಸ? ಪಂಪು ಕೇಳಿಸ್ತೈತಿಲ್ಲೋ, ನಿನ್ನ ಹೆಸರು ತಗೊಂಡು ಅಳಾಕ್ಹತ್ತೈತಿ. ಏಳು, ಒಳಗ ಬಾ, ಪಂಕ್ತಿ ಏಳೂಕಿಂತ ಮೊದ್ಲ ಕೂಡು."

ವೀರಬಸಪ್ಪ ಎದ್ದು ನಿಂತ. ಮುದುಕನ ಕಾಲು ಮುಟ್ಟಿದ.

"ಉಂಡೇ ಬಂದೇನ್ರಿ ಯಜ್ಜಾ" ಅಂದ. "ಖಾನಾವಳಿಯಾಗ ಉಂಡೇನ್ರಿ."

ಆಮೇಲೆ ಕ್ಯಾರಿಯರು ಎತ್ತಿಕೊಂಡ. ಇಬ್ಬರೂ ಸ್ಟೇಷನ್ನಿಗೆ ನಡೆದರು. ಪ್ಲಾಟ್‌ಫಾರ್ಮಿನ ಮೇಲೆ ಮಲಗಲು ಜಾಗ ಇತ್ತು.